ಭದ್ರಮ್ಮನ ಟವೆಲ್ಲು

ಸೋಮವಾರ ಒಗೆದು ಹಾಕಿದ ಟವೆಲ್ಲುಗಳೆಲ್ಲ ಒಣಗಿ, ಮಡಚಿಸಿಕೊಂಡು, ಕಪಾಟು ಸೇರಿದ್ದವು. ಒಂದು ಮಾತ್ರ ಗುರುವಾರವಾದರೂ ತಂತಿಯ ಮೇಲೆ ಒದ್ದೆಯಾಗಿ ತೂಗುತ್ತಿತ್ತು. ಮೂಲೆಯಲ್ಲಿ ಹಸಿರು ದಾರದ ಗುರುತಿದ್ದ ಕಾರಣ ಅದು ಹಿಟ್ಟಿನ ಮಿಲ್ಲಿನ ಭದ್ರಮ್ಮನದು ಎಂದು ನನಗಷ್ಟೇ ಅಲ್ಲ, ನಮ್ಮ ಬೀದಿಯಲ್ಲಿ ಹೋಗಿ ಬರುವ ಎಲ್ಲರಿಗೂ ಗೊತ್ತಾಗುವಂತಿತ್ತು. ಹೊರಗೆ ನೆಲ ಕಾದು ಕಾವಲಿಯಾಗಿತ್ತು. ನಾನು ಗಳಿಗೆಗೊಮ್ಮೆ ಪಾರ್ಲರಿನಿಂದ ಹೊರಗೆ ಬಂದು ಹಿಂಗೈಯಿಂದ ಟವೆಲ್ಲನ್ನು ಮುಟ್ಟಿ ನೋಡುತ್ತಿದ್ದೆ. ಮುಟ್ಟಿದಾಗಲೆಲ್ಲ ತಣ್ಣಗೆ ತಗಲುತ್ತಿತ್ತು.

ನಮ್ಮೂರಿನಲ್ಲಿ ಬಟ್ಟೆ ಒಣಗುವುದಕ್ಕೂ ಬಿಸಿಲಿಗೂ ಅಂಥ ಸಂಬಂಧವೇನಿಲ್ಲ. ಅದನ್ನು ಕೊನೆಗೆ ಉಟ್ಟವರೋ, ಅದರಲ್ಲಿ ಮೈ ಒರೆಸಿಕೊಂಡವರೋ ನಿರಾಳವಾಗಿದ್ದರೆ ಜಡಿಮಳೆಯಲ್ಲೂ ಒಣಗುತ್ತದೆ. ಎದೆಯಲ್ಲಿ ಭಯ ಇಟ್ಟುಕೊಂಡಿದ್ದರೆ ಒಲೆಯ ಮುಂದೆ ಹಿಡಿದರೂ ಒಣಗುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಊರಿನ ಮಕ್ಕಳೆಲ್ಲ ಒದ್ದೆ ಯೂನಿಫಾರ್ಮಿನಲ್ಲೇ ಶಾಲೆಗೆ ಹೋಗಿ ಬೆಂಚುಗಳ ಮೇಲೆ ಗುರುತು ಬಿಟ್ಟು ಬರುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ಕರ್ಚೀಫನ್ನು ಹೇಗಾದರೂ ಮಾಡಿ ಮುಟ್ಟಿ ನೋಡಿದ ಮೇಲೆಯೇ ಹೆಣ್ಣಿನ ಕಡೆಯವರು ಉಪ್ಪಿಟ್ಟು ತರುವುದು. ಒಂದೆರಡು ದಿನದ ಒದ್ದೆಯನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಷ್ಟು ಭಯ ಯಾರಿಗಿರುವುದಿಲ್ಲ ಹೇಳಿ.

ಅದಕ್ಕೂ ಮೀರಿದರೆ ಹುರಿಗಾಳು ತೆಗೆದುಕೊಂಡು ಹೋಗಬೇಕು. ಅದು ನಮ್ಮ ಪದ್ಧತಿ. ಒದ್ದೆ ಮನೆಗೆ ಒಣಗಿದ ಪದಾರ್ಥ. ಒಂದೇ ತಟ್ಟೆಯಲ್ಲಿ ಸುರಿದುಕೊಂಡು ಇಬ್ಬರೂ ತಿನ್ನುತ್ತ ಕೂರಬೇಕು. ಏನಾಯಿತು ಎಂದು ಕೇಳಬಾರದು. ಬೆಕ್ಕು ಮರಿ ಹಾಕಿದ್ದು, ತೆಂಗಿನಕಾಯಿ ಕೊಳೆತಿದ್ದು, ಏನು ಬೇಕಾದರೂ ಮಾತಾಡಬಹುದು. ಒದ್ದೆಯ ವಿಷಯ ಮಾತ್ರ ಆ ಮನೆಯವರ ಬಾಯಿಂದಲೇ ಮೊದಲು ಬರಬೇಕು. “ಹುರಿಗಾಳು ತಿಂದ್ರೆ ಗಂಟಲು ನೀರು ಕೇಳುತ್ತೆ, ನೀರಿಗೆ ಎದ್ದೋರು ಮಾತು ತಗೊಂಡು ಬರ್ತಾರೆ” ಎಂದು ನಮ್ಮತ್ತೆ ಹೇಳುತ್ತಿದ್ದರು. ಹೆಚ್ಚಿನ ಸಲ ಹಾಗೇ ಆಗುತ್ತದೆ.

ಟೈಲರ್ ಮುಕುಂದನ ವಿಷಯದಲ್ಲಿ ಆಗಲಿಲ್ಲ. ಅವನ ನೀಲಿ ಅಂಗಿ ಅಂಗಡಿಯ ಮುಂದೆ ಒದ್ದೆಯಾಗಿ ನೇತಾಡುತ್ತಲೇ ಇತ್ತು. ಪಕ್ಕದವರು ಹೋಗಿರುತ್ತಾರೆಂದು ಎದುರಿನವರು, ಎದುರಿನವರು ಹೋಗಿರುತ್ತಾರೆಂದು ಪಕ್ಕದವರು ಸುಮ್ಮನಿದ್ದರು. ಒಂದು ಬೆಳಿಗ್ಗೆ ಅಂಗಿ ಗರಿಗರಿಯಾಗಿ ಒಣಗಿತ್ತು. ಸದ್ಯ, ಪಾಪ, ಏನೋ ಪರಿಹಾರವಾಯಿತು ಎಂದು ಬೀದಿಯೆಲ್ಲ ಸಮಾಧಾನಪಟ್ಟುಕೊಂಡಿತು. ಮುಕುಂದ ಕಲ್ಲುಕ್ವಾರಿಯ ನೀರಿನಲ್ಲಿ ಸಿಕ್ಕಿದ್ದು ಅದೇ ಸಂಜೆ. ಸತ್ತವರಿಗೂ ಭಯ ಇರುವುದಿಲ್ಲ ಎಂಬುದು ಅಲ್ಲಿಯತನಕ ನಮಗೆ ಹೊಳೆದಿರಲಿಲ್ಲ. ಅಂದಿನಿಂದ ಒಂದು ಕಟ್ಟಳೆಯಾಯಿತು: ಬಟ್ಟೆ ಯಾರ ತಂತಿಯ ಮೇಲಿದೆಯೋ ಅವರೇ ಹುರಿಗಾಳು ಒಯ್ಯಬೇಕು. ಭದ್ರಮ್ಮನ ಟವೆಲ್ಲು ಇದ್ದದ್ದು ನನ್ನ ತಂತಿಯ ಮೇಲೆ.

ನನ್ನ ಹೆಸರು ಮಂದಾಕಿನಿ. ಊರಿನ ಹೆಂಗಸರ ತಲೆಗಳೆಲ್ಲ ನನ್ನ ಕೈಯಲ್ಲಿವೆ ಎಂದು ನಾನೇ ಹೇಳಿಕೊಳ್ಳುವುದುಂಟು. ಪಾರ್ಲರಿನಲ್ಲಿ ಎರಡು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್ನು, ಒಂದು ಕಪಾಟು. ಕಪಾಟಿನಲ್ಲಿ ಖಾಯಂ ಗಿರಾಕಿಗಳಿಗೆಲ್ಲ ಒಂದೊಂದು ಟವೆಲ್ಲು, ಮೂಲೆಯಲ್ಲಿ ಒಂದೊಂದು ಬಣ್ಣದ ದಾರದ ಗುರುತು. ಭಯವಾಗಲಿ ಹೇನಾಗಲಿ, ಒಬ್ಬರದು ಇನ್ನೊಬ್ಬರಿಗೆ ಅಂಟಬಾರದಲ್ಲ. ಎರಡನೆಯ ಕುರ್ಚಿ ಇಂದುಮತಿಯದು. ಅವಳು ಹೊರಗಿನವಳು. ಸಂಸಾರ ಮುರಿದುಕೊಂಡು ಇಲ್ಲಿಗೆ ಬಂದವಳು, ಎಣ್ಣೆಯಂಗಡಿಯ ಹಿಂದೆ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ಅವಳ ಕತ್ತರಿ ಕೂದಲಿನಲ್ಲಿ ಓಡುವುದನ್ನು ನೋಡಬೇಕು, ಸದ್ದೇ ಇರುತ್ತಿರಲಿಲ್ಲ. “ಕೈಯೇ ನಮ್ಮ ಬಂಡವಾಳ ಕಣೇ” ಎಂದು ನಾನು ದಿನಕ್ಕೊಮ್ಮೆಯಾದರೂ ಅವಳಿಗೆ ಹೇಳುತ್ತಿದ್ದೆ, ಮೆಚ್ಚುಗೆಗೆಂದೇ. ಇಷ್ಟು ವರ್ಷವಾದರೂ ಅವಳು ಊರಿಗೆ ಪೂರ್ತಿ ಒಗ್ಗಿರಲಿಲ್ಲ. ಯಾರ ಮನೆಗೂ ಹುರಿಗಾಳು ಒಯ್ದವಳಲ್ಲ. “ನಮ್ಮೂರಲ್ಲಿ ಬಟ್ಟೆ ಬಿಸಿಲಿಗೆ ಒಣಗ್ತಿತ್ತು ಅಕ್ಕ” ಎನ್ನುವಳು, ನಾವೇ ಏನೋ ಮೋಸ ಮಾಡಿದ್ದೇವೆ ಎಂಬಂತೆ.

ಯೂಸ್ ಅಂಡ್ ಥ್ರೋ ಟವೆಲ್ಲಿನ ಮಾತು ತೆಗೆದವಳೂ ಅವಳೇ. ಶ್ಯಾಂಪೂ ಮಾರಲು ಬರುವ ಸೇಲ್ಸಿನವನು ಕೊಟ್ಟುಹೋದ ಸ್ಯಾಂಪಲ್ ಪ್ಯಾಕೆಟ್ಟನ್ನು ಒಂದು ಮಧ್ಯಾಹ್ನ ನನ್ನ ಮುಂದೆ ಬಿಚ್ಚಿದಳು. ಬೆಳ್ಳಗೆ, ತೆಳ್ಳಗೆ, ಮಡಿಕೆಗಳು ಇನ್ನೂ ಮುರಿಯದ ಹಾಗೆ ಇದ್ದವು.

“ಒಬ್ಬರಿಗೆ ಒಂದು, ಆಮೇಲೆ ಬುಟ್ಟಿಗೆ. ಹೇರ್ ಡೈ ಕಲೆ ಉಜ್ಜಿ ಸಾಯಬೇಕಿಲ್ಲ. ಒಗೆಯೋದಿಲ್ಲ, ಒಣ ಹಾಕೋದಿಲ್ಲ” ಎಂದಳು. ಆಗಲೂ ಅವಳಿಗೆ ಮೂಗು ಕಟ್ಟಿತ್ತು. ಎರಡು ಮಾತಿಗೊಂದು ಸೀನು.

“ಮೊದಲು ನಿನ್ನ ಶೀತಕ್ಕೆ ಕಷಾಯ ಕುಡಿ. ಇದು ಕಾಗದ ಕಣೇ. ನಮ್ಮ ಹೆಂಗಸರ ಮೊಣಕಾಲುದ್ದದ ಜಡೆಗೆ ಇದು ಎಲ್ಲಿ ಸಾಲುತ್ತೆ.”

“ಕಾಗದ ಅಲ್ಲ ಅಕ್ಕ, ಬಟ್ಟೆ ಥರದ್ದೇ. ಇದು ಒಣಗಿತೋ ಬಿಟ್ಟಿತೋ ಅಂತ ಯಾರೂ ನೋಡೋದಿಲ್ಲ. ಅವರವರ ಪಾಡು ಅವರವರಿಗೆ.”

ಒಗೆಯುವ ಸೋಮಾರಿತನಕ್ಕೆ ಇಷ್ಟು ದೊಡ್ಡ ವೇದಾಂತ ಬೇಕೇ ಎಂದು ನಾನು ನಕ್ಕುಬಿಟ್ಟೆ. ಅವಳು ಪ್ಯಾಕೆಟ್ಟನ್ನು ಮಡಚಿಟ್ಟಳು, ಇಡುವಾಗ ಅದು ಕೈಜಾರಿ ಬಿತ್ತು. ಆಚೆ ವಾರ ಬಾಚಣಿಗೆ ಬೀಳಿಸಿದ್ದಳು, ಅದರಾಚೆ ಸ್ಟೀಲಿನ ಕ್ಲಿಪ್ಪುಗಳ ಡಬ್ಬಿ. “ಕೈಗೆ ಬೆಣ್ಣೆ ಸವರ್ಕೊಂಡು ಬರ್ತೀಯೇನೇ” ಎಂದು ಅಣಕಿಸಿದ್ದೆ.

ಭದ್ರಮ್ಮನ ಟವೆಲ್ಲು ಒಣಗದೇ ಹೋದದ್ದು ಅದಾದ ಮೇಲೆ. ಶುಕ್ರವಾರ ಬೆಳಿಗ್ಗೆ ನಾನು ಡಬ್ಬಿಗೆ ಹುರಿಗಾಳು ತುಂಬುತ್ತಿದ್ದೆ. ಇಂದುಮತಿ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಹೋಗ್ಬೇಡಿ ಅಕ್ಕ. ಅದು ಭದ್ರಮ್ಮೋರದ್ದು ಅಲ್ದೇನೂ ಇರಬಹುದು.”

“ಹಸಿರು ದಾರ ಕಣ್ಣಿಗೆ ಕಾಣಲ್ವಾ? ಭಾನುವಾರ ಅವರ ತಲೆ ತೊಳೆದೋಳು ನೀನೇ, ತಲೆಗೆ ಸುತ್ತಿದೋಳೂ ನೀನೇ.”

“ಆದ್ರೂ.”

“ಆದ್ರೂ ಹೋದ್ರೂ ಏನಿಲ್ಲ. ಮುಕುಂದನ ಅಂಗಿ ನೆನಪಿದೆಯಲ್ಲ” ಎಂದೆ. ಅವಳು ದಾರಿ ಬಿಟ್ಟಳು. ಅವಳ ಮೈಯಿಂದ ಒದ್ದೆ ಬಟ್ಟೆಯ ಮುಗ್ಗು ವಾಸನೆ ಬರುತ್ತಿತ್ತು. ಇಡೀ ದಿನ ನೀರಿನಲ್ಲಿ ನಿಲ್ಲುವವರಿಗೆ ಅದು ಇದ್ದದ್ದೇ ಎಂದುಕೊಂಡು ಹೊರಟೆ.

ಭದ್ರಮ್ಮ ಎಂದರೆ ಊರಿಗೇ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೂ ಮಿಲ್ಲಿನ ಬೆಲ್ಟು ಒಂದು ದಿನವೂ ನಿಂತಿಲ್ಲ. ತಲೆಯ ತುಂಬ ಹಿಟ್ಟು ಕೂತು ಅವರಿಗೆ ನಿಜವಾಗಿ ನರೆತದ್ದು ಎಷ್ಟು ಎಂಬುದು ಭಾನುವಾರ ನಾವು ತೊಳೆದಾಗಲೇ ಗೊತ್ತಾಗುವುದು. ಅಂಥವರಿಗೆ ಏನು ಭಯ ಬಂದಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಗಡ್ಡೆ, ಗಂಟು, ಹೃದಯ, ಕೆಟ್ಟದ್ದೇ ಒಂದರ ಹಿಂದೊಂದು ನೆನಪಾಯಿತು. ಬೀದಿಯಲ್ಲಿ ಎದುರಾದವರು ನನ್ನ ಕೈಯ ಡಬ್ಬಿಯನ್ನೂ ನಾನು ಹೋಗುತ್ತಿದ್ದ ದಿಕ್ಕನ್ನೂ ನೋಡಿ ದನಿ ತಗ್ಗಿಸಿದರು.

ಭದ್ರಮ್ಮ ರಾಗಿ ಸುರಿಯುತ್ತಿದ್ದವರು ಡಬ್ಬಿ ನೋಡಿ ಮೋಟರು ನಿಲ್ಲಿಸಿಬಿಟ್ಟರು. “ಯಾರಿಗೆ ತಂದೆ ಇದನ್ನ?” ಎಂದರು. ನಿಮಗೇ ಎಂದು ಹೇಳುವಂತಿಲ್ಲ. ನಾನು ತಟ್ಟೆ ಕೇಳಿದೆ. ಕೂತೆವು. ನಾನು ಬಿಸಿಲಿನ ಮಾತಾಡಿದೆ, ಕರೆಂಟಿನ ಮಾತಾಡಿದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತ ಕಟಕಟ ಅಗಿದರು. ತಟ್ಟೆ ಬರಿದಾಯಿತು, ನೀರು ಕುಡಿದರು, ಮಾತು ಬರಲಿಲ್ಲ. ಏನಾದರೊಂದು ಹೇಳಬೇಕಲ್ಲ ಎಂದು ಕೊನೆಗೆ ಸೊಂಟನೋವಿನ ಒಂದು ವಿಷಯ ಹೇಳಿದರು. ಅದು ಭಯವಲ್ಲ, ಬರೀ ಸೊಂಟನೋವು ಎಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಿತ್ತು. ದೊಡ್ಡದನ್ನು ಮುಚ್ಚಿಡುತ್ತಿದ್ದಾರೆ ಎಂದು ನಾನು ಇನ್ನಷ್ಟು ಹೆದರಿದೆ.

ನಾನು ಹೋಗಿದ್ದನ್ನು ನೋಡಿದವರು ಸುಮ್ಮನಿರುತ್ತಾರೆಯೇ. ಮಾರನೆಯ ದಿನ ಮಿಲ್ಲಿನ ಮುಂದೆ ಹುರಿಗಾಳಿನ ಡಬ್ಬಿಗಳ ಸಾಲು. ಹಿಟ್ಟು ಬೀಸಿಸಲು ಬಂದವರೆಲ್ಲ ಒಂದು ಹಿಡಿ ಕಡಲೆಯನ್ನೂ ತಂದರು, ಬೆಕ್ಕಿನ ಮರಿಯ ಮಾತಾಡಿ, ಅನುಕಂಪದಿಂದ ನೋಡಿ, ಎದ್ದು ಹೋದರು. ಯಾರೂ ಏನೂ ಕೇಳಲಿಲ್ಲ, ಕೇಳಬಾರದಲ್ಲ. ತನಗೆ ತಿಳಿಯದ ಏನೋ ಒಂದು ಊರಿಗೆಲ್ಲ ತಿಳಿದಿದೆ ಎಂದು ಭದ್ರಮ್ಮನಿಗೆ ಖಾತ್ರಿಯಾಯಿತು. ಡಾಕ್ಟರ ಹತ್ತಿರ ಹೋಗಿ ನಾಲಿಗೆಯಿಂದ ಪಾದದವರೆಗೆ ತೋರಿಸಿಕೊಂಡು ಬಂದರು. ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಇನ್ನೂ ಗಾಬರಿಯಾದರು. ಆ ಗಾಬರಿಗೆ ಅವರ ಸೀರೆಗಳು ಒಣಗುವುದು ನಿಂತಿತು. ಒದ್ದೆ ಸೀರೆಯಲ್ಲೇ ಮಿಲ್ಲಿನಲ್ಲಿ ನಿಂತರು.

ಬುಧವಾರ ಅವರು ಪಾರ್ಲರಿಗೆ ನುಗ್ಗಿದಾಗ ನನಗೆ ಮೊದಲು ಗುರುತೇ ಸಿಗಲಿಲ್ಲ. ಒದ್ದೆ ಸೀರೆಗೆ ಹಿಟ್ಟು ಹಾರಿ ಕೂತು, ಸೆರಗಿನಿಂದ ನೆರಿಗೆಯವರೆಗೆ ಕಣಕವಾಗಿತ್ತು.

“ನೋಡು ಮಂದಾ. ನೋಡು ನನ್ನ ಸ್ಥಿತಿನ. ಎಣ್ಣೆ ಹಚ್ಚಿ ಕಾವಲಿ ಮೇಲೆ ಹಾಕಿದ್ರೆ ನಾನೇ ರೊಟ್ಟಿ ಆಗ್ತೀನಿ.”

ಕುರ್ಚಿಯಲ್ಲಿದ್ದ ಇಬ್ಬರು ಹೆಂಗಸರು ನಗು ತಡೆಯಲು ಮುಖ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ.

“ನನಗೆ ಏನಾಗಿದೆ ಅಂತ ನೀನಾದ್ರೂ ಹೇಳ್ತೀಯೋ ಇಲ್ವೋ” ಎಂದರು.

“ನಿಮ್ಮ ಟವೆಲ್ಲು ಒಣಗಲಿಲ್ಲ ಭದ್ರಮ್ಮೋರೇ. ಅಷ್ಟೇ ನನಗೆ ಗೊತ್ತಿರೋದು.”

“ನನಗೆ ಯಾವ ಭಯಾನೂ ಇರ್ಲಿಲ್ಲ. ನೀನು ಡಬ್ಬಿ ತಂದ ಮೇಲೇನೇ ಶುರುವಾಗಿದ್ದು. ಆ ದಾರದ ಟವೆಲ್ಲು ಇನ್ನು ಬೇಡ. ಹೊರಗಡೆ ಊರುಗಳಲ್ಲಿ ಅದೇನೋ ಬಿಸಾಡೋ ಟವೆಲ್ಲು ಇದೆಯಂತಲ್ಲ, ಅದನ್ನ ತರ್ಸು. ಇಲ್ಲಾಂದ್ರೆ ತಲೇನ ನಾನು ಮನೇಲೇ ತೊಳ್ಕೋತೀನಿ.”

ನಗುತ್ತಿದ್ದ ಇಬ್ಬರೂ ಆಗ ನಗು ನಿಲ್ಲಿಸಿ, ಅದೂ ಸರಿಯೇ, ತಮ್ಮದೂ ಬೀದಿಗೆ ಕಾಣುವಂತೆ ನೇತಾಡುವುದು ಬೇಡ ಎಂದರು. ನಾನು ಇಂದುವಿನ ಕಡೆ ನೋಡಿದೆ. ಅವಳು ಬೆನ್ನು ತಿರುಗಿಸಿ ಬೇಸಿನ್ನು ಉಜ್ಜುತ್ತಿದ್ದಳು, ಎಡಗೈಯಲ್ಲಿ. ಗೆದ್ದೆ ಎಂಬ ಖುಷಿ ಅವಳ ಬೆನ್ನಿನಲ್ಲಿ ಕಾಣಲಿಲ್ಲ. ಒಬ್ಬ ಹೆಂಗಸಿನ ಮಾನ ಬೀದಿಪಾಲು ಮಾಡಿದೆನಲ್ಲ ಎಂದು ನನಗೆ ನಾಚಿಕೆಯಾಗಿತ್ತು. ಸರಿ ಎಂದುಬಿಟ್ಟೆ.

ಪೆಟ್ಟಿಗೆ ಬಂತು. ದಾರದ ಟವೆಲ್ಲುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಹಸಿರು ದಾರದ್ದು ಮಾತ್ರ ತಂತಿಯ ಮೇಲೇ ಉಳಿಯಿತು, ಒದ್ದೆ ಬಟ್ಟೆಯನ್ನು ಮಡಚಿಡಬಾರದು ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹೊಸ ಟವೆಲ್ಲು ನಾನು ಹೇಳಿದ ಹಾಗೇ ಉದ್ದ ಕೂದಲಿಗೆ ಸಾಲಲಿಲ್ಲ, ಒಬ್ಬರಿಗೆ ಎರಡು ಮೂರು ಬೇಕಾಯಿತು. ಎಳೆ ಬಿಟ್ಟು ಹುಬ್ಬಿಗೆ ಅಂಟಿಕೊಳ್ಳುತ್ತಿತ್ತು. ಆದರೆ ಹೆಂಗಸರಿಗೆ ಹಿಡಿಸಿತು. ಒರೆಸಿಕೊಂಡು, ಮುದ್ದೆ ಮಾಡಿ, ತಾವೇ ಬುಟ್ಟಿಗೆ ಎಸೆದು ಹಗುರಾಗಿ ಎದ್ದು ಹೋಗುತ್ತಿದ್ದರು. ಮಾತು ಕಡಿಮೆಯಾಯಿತು. ಹೇಗೂ ಟವೆಲ್ಲು ಹೇಳುತ್ತದೆ ಎಂದು ಮೊದಲು ತಾವೇ ಬಾಯಿಬಿಡುತ್ತಿದ್ದವರು ಈಗ ಕಣ್ಣು ಮುಚ್ಚಿ ತಲೆ ಒಡ್ಡುತ್ತಿದ್ದರು. ಸಂಜೆ ಬುಟ್ಟಿ ಖಾಲಿ ಮಾಡುವಾಗ ನನಗೆ ಕೈ ಹಾಕಲು ಹೆದರಿಕೆಯಾಗುತ್ತಿತ್ತು. ಎಲ್ಲವೂ ಒದ್ದೆ. ಈಗಷ್ಟೇ ಒರೆಸಿದ ಒದ್ದೆ ಯಾವುದು, ಒಣಗದೇ ಇರುವ ಒದ್ದೆ ಯಾವುದು, ಯಾರದು, ಹೇಗೆ ಹೇಳುವುದು. ಮುಕುಂದನಂಥವರು ಒಬ್ಬರು ಆ ಬುಟ್ಟಿಯಲ್ಲಿದ್ದರೂ ನನಗೆ ತಿಳಿಯುವಂತಿರಲಿಲ್ಲ. ನಿಮಗೇಕೆ ಊರ ಉಸಾಬರಿ ಎಂದು ನೀವು ಕೇಳಬಹುದು. ಅಭ್ಯಾಸ. ಚಪ್ಪಲಿ ಬಿಚ್ಚಿಟ್ಟು ಹೊರಗೆ ಹೊರಟ ಹಾಗೆ ಆಗುತ್ತಿತ್ತು.

ಈ ನಡುವೆ ಭದ್ರಮ್ಮ ಸುಧಾರಿಸಿದರು. ಊರಿನ ಕಣ್ಣು ಬೇರೆ ಕಡೆ ತಿರುಗಿತು, ಅವರ ತಾರಸಿಯ ಮೇಲೆ ಸೀರೆಗಳು ಮತ್ತೆ ಪಟಪಟ ಹೊಡೆದುಕೊಳ್ಳತೊಡಗಿದವು. ನಾನು ಪಾರ್ಲರಿನ ಬಾಗಿಲಲ್ಲಿ ನಿಂತು ಅದನ್ನು ನೋಡಿ ನೆಮ್ಮದಿಪಟ್ಟೆ. ತಿರುಗಿ ನಮ್ಮ ತಂತಿಯನ್ನು ನೋಡಿದೆ. ಅವರ ಸೀರೆ ಒಣಗಿತ್ತು, ಅವರ ಟವೆಲ್ಲು ಒಣಗಿರಲಿಲ್ಲ.

ಹಾಗಾದರೆ ಆ ಒದ್ದೆ ಅವರದಲ್ಲ. ಇನ್ನಾರದೋ. ಇಷ್ಟು ದಿನ ಇಡೀ ಊರು ತಪ್ಪು ಮನೆಗೆ ಹುರಿಗಾಳು ಹೊತ್ತಿತ್ತು, ಸರಿಯಾದ ಮನೆಗೆ ಯಾರೂ ಹೋಗಿರಲಿಲ್ಲ. ಆ ಭಾನುವಾರ ಯಾರು ಯಾರು ಬಂದಿದ್ದರು ಎಂದು ನೆನಪು ಕೆದಕಿದೆ. ನಾನು ಆಗ ಒಬ್ಬರಿಗೆ ಗೋರಂಟಿ ಹಚ್ಚುತ್ತಿದ್ದೆ. ಹಿಂದಿನ ಕೋಣೆಯಲ್ಲಿ ನಲ್ಲಿ ಸುಮ್ಮನೆ ಹರಿಯುತ್ತಿದ್ದುದಕ್ಕೆ, ನೀರು ಪೋಲು ಮಾಡುತ್ತಾಳೆ ಎಂದು ಗೊಣಗಿದ್ದು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ. “ಇಂದೂ, ಆ ದಿನ ಇದನ್ನ ಬೇರೆ ಯಾರಾದ್ರೂ ಮುಟ್ಟಿದ್ರೇನೇ?” ಎಂದೆ. “ಗೊತ್ತಿಲ್ಲ ಅಕ್ಕ” ಎಂದು ಅವಳು ಬೇಗ ಮನೆಗೆ ಹೊರಟಳು.

ಮಾರನೆಯ ಬೆಳಿಗ್ಗೆ ನಾನು ಬೀಗ ತೆಗೆಯಲು ಬಂದಾಗ ಟವೆಲ್ಲು ಒಣಗಿತ್ತು. ಗಾಳಿಗೆ ಅಲುಗಾಡುತ್ತಿತ್ತು. ಮುಟ್ಟಿದೆ, ಹಪ್ಪಳದಂತೆ ಗರಿಗರಿ. ಸದ್ಯ ಎಂಬ ಮಾತು ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿದೆ, ಮುಕುಂದನ ಅಂಗಿ ಒಣಗಿದಾಗ ನಾವೆಲ್ಲ ಅದೇ ಮಾತನ್ನು ಆಡಿದ್ದೆವು. ಟವೆಲ್ಲನ್ನು ಎಳೆದುಕೊಂಡು ಮಿಲ್ಲಿನ ಕಡೆ ಓಡಿದೆ. ಈ ವಯಸ್ಸಿನಲ್ಲಿ ಸೆರಗು ಬಿಗಿದು ಓಡಿದ್ದನ್ನು ಊರು ಇನ್ನೂ ಹೇಳಿಕೊಂಡು ನಗುತ್ತದೆ, ನಗಲಿ.

ಭದ್ರಮ್ಮ ಮಿಲ್ಲಿನ ಮುಂದೆ ಯಾರನ್ನೋ ಬೈಯುತ್ತಿದ್ದರು. ಅವರ ದನಿ ಕೇಳಿ ಅರ್ಧ ಜೀವ ಬಂತು. ನನ್ನ ಕೈಯ ಟವೆಲ್ಲು ನೋಡಿ ಮುಖ ಗಂಟಿಕ್ಕಿದರು.

“ಮತ್ತೆ ತಂದ್ಯಾ ಇದನ್ನ?”

“ಒಣಗಿದೆ ಭದ್ರಮ್ಮೋರೇ. ನಿಮ್ಮ ಕಾಲಿಗೆ ಬೀಳ್ತೀನಿ, ಸ್ವಲ್ಪ ನೆನಪು ಮಾಡ್ಕೊಳ್ಳಿ. ಆ ಭಾನುವಾರ ನೀವು ತಲೆ ಒರೆಸ್ಕೊಂಡ ಮೇಲೆ ಇದನ್ನ ಯಾರು ತಗೊಂಡ್ರು?”

ನನ್ನ ಮುಖ ನೋಡಿ ಅವರ ಸಿಟ್ಟು ಇಳಿಯಿತು. ಮೋಟರು ನಿಲ್ಲಿಸಿ ಯೋಚಿಸಿದರು.

“ಇನ್ಯಾರು, ನಿಮ್ಮ ಇಂದು. ನನ್ನ ತಲೆಯಿಂದ ಬಿಚ್ಚಿ, ಕೈಯಲ್ಲಿ ಹಿಡ್ಕೊಂಡೇ ಒಳಗೆ ಹೋದ್ಲು. ನಾನು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಬಂದ್ಲು, ಮುಖ ಒರೆಸ್ಕೊಂಡು. ಮೂಗು ಕೆಂಪಗಿತ್ತು. ಏನೇ ಅಂದೆ. ಶೀತ ಅಂದ್ಲು.”

ಆ ಶೀತ ಬಿಟ್ಟೇ ಇರಲಿಲ್ಲ. ಮುಗ್ಗು ವಾಸನೆ. ಒದ್ದೆ ಬಟ್ಟೆ ಉಟ್ಟು ಉಟ್ಟು ಹಿಡಿದ ಶೀತ. ಅವಳು ದಿನವೂ ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಳು. ಊರವರ ಟವೆಲ್ಲನ್ನೆಲ್ಲ ಮುಟ್ಟಿ ನೋಡುವ ನಾನು ಅವಳ ಸೆರಗನ್ನು ಒಂದು ಸಲವೂ ಮುಟ್ಟಿರಲಿಲ್ಲ. ಆ ಬೆಳಿಗ್ಗೆ ಪಾರ್ಲರಿಗೆ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರಬೇಕಾಗಿದ್ದವಳು ಬಂದಿರಲಿಲ್ಲ ಎಂಬುದು ಆಗ ತಲೆಗೆ ಹೊಳೆಯಿತು. ಎಣ್ಣೆಯಂಗಡಿಯವರೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಕಣ್ಣ ಮುಂದೆ ಕಲ್ಲುಕ್ವಾರಿಯ ಹಸಿರು ನೀರೊಂದೇ ಇತ್ತು.

ಬಾಗಿಲು ಬರೀ ಮುಂದೆ ಮಾಡಿತ್ತು, ತಳ್ಳಿದೆ. ಇಂದು ನೆಲದ ಮೇಲೆ ಕೂತು ಸೀರೆ ಮಡಚುತ್ತಿದ್ದಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ಮೇಲೆ ಅವಳ ಬಟ್ಟೆಗಳೆಲ್ಲ ಗರಿಗರಿಯಾಗಿ ಒಣಗಿದ್ದವು. ಪಕ್ಕದಲ್ಲಿ ಅರ್ಧ ತುಂಬಿದ ಚೀಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಬದುಕಿದ್ದಾಳೆ ಎಂಬ ಸಂತೋಷಕ್ಕೆ ಅವಳ ಕೆನ್ನೆಗೊಂದು ಬಾರಿಸಬೇಕೆನಿಸಿತು.

“ಅಕ್ಕ” ಎಂದಳು. “ನಾನೇ ಬಂದು ಹೇಳೋಣ ಅಂತಿದ್ದೆ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗ್ತಿದ್ದೀನಿ.”

“ಯಾಕೆ?”

ಅವಳು ಬಲಗೈ ಎತ್ತಿ ತೋರಿಸಿದಳು. ನೋಡಲು ಏನೂ ಆಗಿರಲಿಲ್ಲ. “ಹೆಬ್ಬೆಟ್ಟು, ಅದರ ಪಕ್ಕದ ಎರಡು ಬೆರಳು, ಜೋಮು ಹಿಡಿದ ಹಾಗೇ ಇರ್ತವೆ. ಮಣಿಕಟ್ಟಲ್ಲಿ ನರ ಒತ್ತಿಕೊಂಡಿದೆಯಂತೆ. ಕೊಯ್ದು ಬಿಡಿಸಬೇಕು ಅಂದ್ರು ಡಾಕ್ಟರು. ಬಿಡಿಸಿದ್ರೂ ಕತ್ತರಿ ಹಿಡಿಯೋ ಹಾಗೆ ಆಗುತ್ತೋ ಇಲ್ವೋ ಹೇಳಕ್ಕಾಗಲ್ವಂತೆ. ಭಾನುವಾರ ಭದ್ರಮ್ಮೋರ ತಲೆಗೆ ನೀರು ಹಾಕ್ತಿದ್ದೆ, ಬಿಸಿನೋ ತಣ್ಣಗೋ ಬೆರಳಿಗೆ ಗೊತ್ತಾಗ್ಲಿಲ್ಲ. ಅವರೇ ಅಬ್ಬಾ ಬಿಸಿ ಅಂದ ಮೇಲೆ ಗೊತ್ತಾಗಿದ್ದು. ಒಳಗೆ ಹೋಗಿ ಅತ್ತುಬಿಟ್ಟೆ.”

“ನನಗೆ ಹೇಳೋಕೆ ಏನಾಗಿತ್ತು ನಿನಗೆ?”

“ಕೈಯೇ ನಮ್ಮ ಬಂಡವಾಳ ಅಂತ ದಿನಾ ಹೇಳ್ತೀರಲ್ಲ ಅಕ್ಕ.”

ಅವಳು ಎಡಗೈಯಿಂದ ಇನ್ನೊಂದು ಸೀರೆಯನ್ನು ಮಂಡಿಗೆ ಒತ್ತಿ ಮಡಚಿದಳು.

“ಭದ್ರಮ್ಮೋರಿಗೆ ಹಾಗಾದಾಗ ಇನ್ನೂ ಜಾಸ್ತಿ ಹೆದರಿಕೆ ಆಯ್ತು. ನಂದೇ ಒದ್ದೆ, ಬಾಯಿ ಬಿಡಕ್ಕಾಗ್ಲಿಲ್ಲ. ರಾತ್ರಿ ಹೋಗಿಬಿಡೋಣ ಅಂತ ನಿಶ್ಚಯ ಮಾಡಿದೆ ನೋಡಿ, ಬೆಳಿಗ್ಗೆ ಎದ್ರೆ ಎಲ್ಲ ಒಣಗಿದ್ವು. ಎಷ್ಟು ಸುಲಭ.”

ಬಟ್ಟೆ ಒಣಗಲು ಮೂರನೆಯ ಕಾರಣವೂ ಒಂದಿದೆ ಎಂದು ಹಾಗೆ ತಿಳಿಯಿತು. ಆಸೆ ಬಿಟ್ಟವರಿಗೂ ಭಯ ಇರುವುದಿಲ್ಲ. ಬೇಡ, ಹೋಗಬೇಡ ಎಂದು ಹೇಳಬೇಕಿತ್ತು. ಇದ್ದು ಏನು ಮಾಡಲಿ ಎಂದು ಅವಳು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಹುರಿಗಾಳು ಕೂಡ ತಂದಿರಲಿಲ್ಲ. ಬರಿಗೈಯಲ್ಲಿ, ಊರಿಗೆಲ್ಲ ಬುದ್ಧಿ ಹೇಳುವ ನಾನು, ಆ ಹಾಳು ಟವೆಲ್ಲು ಹಿಡಿದು ನಿಂತಿದ್ದೆ. ಬೆವರು, ಕಣ್ಣೀರು, ಎಲ್ಲ ಸೇರಿ ಮುಖ ತೊಯ್ದಿತ್ತು. ಅದರಲ್ಲೇ ಒರೆಸಿಕೊಂಡೆ. “ಬಸ್ಸಿಗೆ ಮೊದಲು ಪಾರ್ಲರಿಗೆ ಬಂದು ಹೋಗು” ಎಂದಷ್ಟೇ ಹೇಳಿ ಹೊರಟೆ.

ಪಾರ್ಲರಿಗೆ ಬಂದು ಟವೆಲ್ಲನ್ನು ಜಾಲಿಸಿ ಹಿಂಡಿ ತಂತಿಗೆ ಹಾಕಿದೆ. ಒಂದು ಕುರ್ಚಿಯಲ್ಲಿ ಕೂತು ಇನ್ನೊಂದನ್ನು ನೋಡಿದೆ. ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ. ಸೂರ್ಯ ನೆತ್ತಿಗೆ ಬಂದ, ಟವೆಲ್ಲಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಹಿಂಡಿದಷ್ಟೂ ಬರುತ್ತಿತ್ತು. ನನ್ನ ತಂತಿಯ ಮೇಲೆ ನನ್ನದೇ ಒದ್ದೆ ಹೀಗೆ ನೇತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬೀದಿಯಲ್ಲಿ ಹೋದ ಒಬ್ಬಾಕೆ ಹಸಿರು ದಾರ ನೋಡಿ “ಅಯ್ಯೋ, ಭದ್ರಮ್ಮನಿಗೆ ಮತ್ತೆ ಶುರುವಾಯ್ತಾ” ಎಂದು ಮಿಲ್ಲಿನ ಕಡೆ ಹೊರಟಳು. ತಡೆಯುವ ತ್ರಾಣ ನನಗಿರಲಿಲ್ಲ.

ಇಂದುಮತಿ ಬಂದಳು. ಹೆಗಲಲ್ಲಿ ಚೀಲ. ತಂತಿಯ ಮುಂದೆ ನಿಂತು ಹಿಂಗೈಯಿಂದ ಟವೆಲ್ಲು ಮುಟ್ಟಿದಳು, ನನ್ನ ಹಾಗೇ. ಯಾರದು ಎಂದು ಕೇಳಲಿಲ್ಲ. ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು ಬೀದಿಗಿಳಿದು ಹೋದಳು. ಹೋದವಳು ಬರುವಾಗ ಅಂಗಡಿಯ ಹುರಿಗಾಳಿನ ಪೊಟ್ಟಣ ತಂದಿದ್ದಳು. ಪಾರ್ಲರಿನಲ್ಲಿ ತಟ್ಟೆಯಿರಲಿಲ್ಲ. ಪೆಟ್ಟಿಗೆಯಿಂದ ಒಂದು ಯೂಸ್ ಅಂಡ್ ಥ್ರೋ ಟವೆಲ್ಲು ತೆಗೆದು ನನ್ನ ಮುಂದೆ ಹಾಸಿ, ಎಡಗೈಯಿಂದ ಪೊಟ್ಟಣ ಬಿಚ್ಚಿ ಸುರಿದಳು. ಅಂತೂ ಅದು ಒಂದು ಕೆಲಸಕ್ಕೆ ಒದಗಿತು. ತನ್ನ ಕುರ್ಚಿಯನ್ನು ಎಳೆದುಕೊಂಡು ಎದುರು ಕೂತಳು.

“ಎಣ್ಣೆಯಂಗಡಿ ಬೆಕ್ಕು ನಾಕು ಮರಿ ಹಾಕಿದೆ ಅಕ್ಕ” ಎಂದಳು.

ಇಬ್ಬರೂ ತಿಂದೆವು. ಗಂಟಲು ಒಣಗಿತು. ನಾನು ಎದ್ದು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದೆ, ಲೋಟ ಹಿಡಿದುಕೊಂಡೇ ನಿಂತೆ. ಅತ್ತೆ ಹೇಳಿದ್ದು ಸುಳ್ಳಲ್ಲ.

“ನೀನು ಹೋದ್ರೆ ನಾನು ಮಾತಾಡೋದು ಯಾರ ಹತ್ರ ಇಂದೂ? ಹೆದರಿಕೆಯಾಗುತ್ತೆ ಕಣೇ. ಕತ್ತರಿ ನಾನು ಹಿಡೀತೀನಿ. ಎಣ್ಣೆ ಹಚ್ಚೋಕೆ, ಸಿಕ್ಕು ಬಿಡಿಸೋಕೆ ಎಡಗೈ ಸಾಲುತ್ತೆ. ಅದೂ ಬೇಡ, ಸುಮ್ಮನೆ ಕೂತಿರು. ಬೇಸಿನ್ ನೀರು ಬಿಸಿನೋ ತಣ್ಣಗೋ ನಾನು ಮುಟ್ಟಿ ಹೇಳ್ತೀನಿ.”

ಅವಳು ತಲೆ ತಗ್ಗಿಸಿ ಒಂದೊಂದೇ ಕಡಲೆಯನ್ನು ಎಡಗೈಯಿಂದ ಆರಿಸುತ್ತಿದ್ದಳು. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು, ಒಮ್ಮೆ, ಮತ್ತೊಮ್ಮೆ. ಅವಳು ಏಳಲಿಲ್ಲ. ಪೊಟ್ಟಣದಲ್ಲಿ ಉಳಿದಿದ್ದನ್ನೂ ಸುರಿದಳು. ಹೊರಗೆ ಟವೆಲ್ಲು ತೊಟ್ಟಿಕ್ಕುತ್ತಿದೆಯೋ ನಿಂತಿದೆಯೋ ನೋಡುವ ಧೈರ್ಯ ನನಗಾಗಲಿಲ್ಲ. ಅದರ ಬದಲು ಸ್ಟೂಲು ಹತ್ತಿ ಅಟ್ಟದಿಂದ ಟವೆಲ್ಲುಗಳ ಗಂಟು ಇಳಿಸಿದೆ, ದಾರದ ಡಬ್ಬಿಯನ್ನೂ ತೆಗೆದೆ. ಇಷ್ಟು ವರ್ಷವಾದರೂ ಆ ಗಂಟಿನಲ್ಲಿ ಇಂದುವಿನದು ಎಂದು ಒಂದು ಟವೆಲ್ಲೂ ಇರಲಿಲ್ಲ.

“ನಿನಗೆ ಯಾವ ಬಣ್ಣ ಹಾಕ್ಲಿ?” ಎಂದು ಕೇಳಿದೆ.

ಅವಳು ಮೂಗು ಎಳೆದುಕೊಂಡು, ಬಾಗಿಲಾಚೆ ಮಿಲ್ಲಿನ ಕಡೆ ಒಮ್ಮೆ ನೋಡಿದಳು. ಅಲ್ಲಿ ಭದ್ರಮ್ಮ ಯಾರದೋ ಹುರಿಗಾಳಿನ ಡಬ್ಬಿಯನ್ನು ಬೀದಿಗೆ ಎಸೆದು ಕೂಗಾಡುವುದು ಕೇಳುತ್ತಿತ್ತು.

“ಹಸಿರೊಂದು ಬಿಟ್ಟು ಯಾವುದಾದ್ರೂ ಹಾಕಿ ಅಕ್ಕ” ಎಂದಳು.